ಕ್ಲೋಜರ್‌ಗೆ ಯಾವ ಎಡಿಟರ್? ಮೂರನ್ನೂ ಬಳಸಿ ನೋಡಿದ ಮೇಲೆ

ಕ್ಲೋಜರ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆಯುವವರು ಬೆರಳೆಣಿಕೆಯಷ್ಟು. ಅದನ್ನು ಬರೆಯುವ ಎಡಿಟರ್ ಕುರಿತ ಜಗಳಕ್ಕೆ ಮಾತ್ರ ಬರವಿಲ್ಲ. ರಿಚ್ ಹಿಕ್ಕಿ 2007ರಲ್ಲಿ ಹೊರತಂದ ಈ ಭಾಷೆಯಲ್ಲಿ, ಪ್ರೋಗ್ರಾಂ ಓಡುತ್ತಿರುವಾಗಲೇ ಒಂದು ಫಂಕ್ಷನ್ ತಿದ್ದಿ, ಅದನ್ನಷ್ಟೇ ರೆಪಲ್‌ಗೆ (ಕೊಟ್ಟ ಕೋಡನ್ನು ಕೂಡಲೇ ಓಡಿಸಿ ಫಲಿತಾಂಶ ತೋರಿಸುವ ಕಿಟಕಿಗೆ) ಕಳಿಸಿ ಉತ್ತರ ನೋಡುವುದು ದಿನನಿತ್ಯದ ಕೆಲಸ. ಅದು ಎಷ್ಟು ಸಲೀಸಾಗಿ ಆಗುತ್ತದೆ ಎಂಬುದೇ ಸೈಡರ್, ಕ್ಯಾಲ್ವಾ, ಕರ್ಸಿವ್ ಮೂರಕ್ಕೂ ನನ್ನ ಅಳತೆಗೋಲು.

ಈಮ್ಯಾಕ್ಸ್ ಎಡಿಟರ್‌ಗೆ ಸೇರಿಸಿಕೊಳ್ಳುವ ಸೈಡರ್ ಈ ಅಳತೆಯಲ್ಲಿ ಎಲ್ಲರಿಗಿಂತ ಮುಂದು. ತಪ್ಪು ಹುಡುಕಲು ನೆರವಾಗುವ ಅದರ ಡೀಬಗರ್‌ಗೆ ನಾನು ಮನಸೋತಿದ್ದೇನೆ. ಫಂಕ್ಷನ್ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್-ಯು, ಆಮೇಲೆ ಕಂಟ್ರೋಲ್-ಆಲ್ಟ್-ಎಕ್ಸ್ ಒತ್ತಿದರೆ ಸಾಕು. ಮುಂದಿನ ಸಲ ಆ ಫಂಕ್ಷನ್ ಕರೆದಾಗ ಒಳಗಿನ ಒಂದೊಂದು ಅಭಿವ್ಯಕ್ತಿಯ ಬಳಿಯೂ ನಿಂತು, ಅದರ ಬೆಲೆಯನ್ನು ಪಕ್ಕದಲ್ಲೇ ತೋರಿಸುತ್ತದೆ. ಆದರೆ ಈಮ್ಯಾಕ್ಸ್ ಗೊತ್ತಿಲ್ಲದ ಹೊಸಬರಿಗೆ ಇದನ್ನು ಹೇಳಲು ಬಾಯಿ ಬರುವುದಿಲ್ಲ. ಭಾಷೆ ಕಲಿಯಲು ಬಂದವರು ಕಾನ್ಫಿಗರೇಶನ್ ಕಡತದಲ್ಲೇ ಕಳೆದುಹೋಗುತ್ತಾರೆ.

ಅವರಿಗೆ ವಿಎಸ್ ಕೋಡ್ ಎಡಿಟರ್‌ನ ಕ್ಯಾಲ್ವಾ. ಜ್ಯಾಕ್-ಇನ್ ಆದೇಶ ಕೊಟ್ಟರೆ ರೆಪಲ್ ತಾನೇ ಶುರುವಾಗಿ ಎಡಿಟರ್‌ಗೆ ಜೋಡಿಸಿಕೊಳ್ಳುತ್ತದೆ. ಆಲ್ಟ್-ಎಂಟರ್ ಒತ್ತಿದರೆ ಇಡೀ ಫಂಕ್ಷನ್ ರೆಪಲ್ ಸೇರುತ್ತದೆ. ಕೋಡನ್ನು ಅರ್ಥಮಾಡಿಕೊಂಡು ಎಡಿಟರ್‌ಗೆ ನೆರವಾಗುವ ಕ್ಲೋಜರ್-ಎಲ್‌ಎಸ್‌ಪಿ, ಅದರೊಳಗೆ ತಪ್ಪು ಹಿಡಿಯುವ ಸಿಎಲ್‌ಜೆ-ಕಾಂಡೋ ಎರಡೂ ಪ್ರತ್ಯೇಕವಾಗಿ ಹಾಕಿಕೊಳ್ಳದೆ ಸಿಗುತ್ತವೆ. ಆರ್ಗ್ಯುಮೆಂಟ್ ಒಂದು ಕಡಿಮೆ ಕೊಟ್ಟರೆ, ಓಡಿಸುವ ಮೊದಲೇ ಕೆಳಗೆ ಗೆರೆ ಬೀಳುತ್ತದೆ. ಈ ಭಾಷೆಯ ತುಂಬ ಬರುವ ಬ್ರಾಕೆಟ್‌ಗಳ ಭಯಕ್ಕೂ, ಅವುಗಳ ಜೋಡಿ ತಪ್ಪದಂತೆ ನೋಡಿಕೊಳ್ಳುವ ಪ್ಯಾರೆಡಿಟ್ ಇದೆ: (+ 1 2) 3 ಎಂಬಲ್ಲಿ ಸ್ಲರ್ಪ್ ಮಾಡಿದರೆ ಮುಚ್ಚುವ ಬ್ರಾಕೆಟ್ ತಾನೇ ಬಲಕ್ಕೆ ಸರಿದು (+ 1 2 3) ಆಗುತ್ತದೆ. ಬ್ರಾಕೆಟ್ ಎಣಿಸುತ್ತ ಕೂರುವ ಕಾಲ ಎಂದೋ ಮುಗಿದಿದೆ. ಹೊರಗಿನವರು ನಂಬುವುದಿಲ್ಲ, ಅಷ್ಟೇ.

ಇಂಟೆಲಿಜೆ ಎಂಬ ಎಡಿಟರ್ ಮೇಲೆ ಕೂರುವ ಕರ್ಸಿವ್‌ನ ದಾರಿಯೇ ಬೇರೆ. ರೆಪಲ್ ಓಡದಿದ್ದರೂ ಕೋಡನ್ನು ಓದಿ ಅರ್ಥಮಾಡಿಕೊಳ್ಳುತ್ತದೆ. ಅರ್ಧ ಜಾವಾ, ಅರ್ಧ ಕ್ಲೋಜರ್ ಇರುವ ಯೋಜನೆಯಾದರೆ ಇದನ್ನೇ ಆರಿಸಿ, ಬೇರೆ ಮಾತಿಲ್ಲ. ನಾವೇ ಬರೆದ ಮ್ಯಾಕ್ರೋ (ಕೋಡನ್ನೇ ಹುಟ್ಟಿಸುವ ಕೋಡ್) ಎದುರಾದಾಗ ಮಾತ್ರ ಅದು ಯಾವುದರಂತೆ ವರ್ತಿಸುತ್ತದೆ ಎಂದು ಹೇಳಿಕೊಡಬೇಕು. ವಾಣಿಜ್ಯ ಬಳಕೆಗೆ ಪರವಾನಗಿ ಕೊಳ್ಳಬೇಕು.

ಶುದ್ಧ ಕ್ಲೋಜರ್ ಕೆಲಸಕ್ಕೆ ನಾನೀಗ ಎರಡನ್ನು ಇಟ್ಟುಕೊಂಡಿದ್ದೇನೆ. ಎಡಿಟರ್‌ಗಳು ಜಾಲದ ಮೂಲಕ ರೆಪಲ್ ಸೇರಲು ಬಳಸುವ ಒಂದೇ ಎನ್‌ರೆಪಲ್ ಸರ್ವರ್‌ಗೆ ಸೈಡರ್, ಕ್ಯಾಲ್ವಾ ಎರಡೂ ಒಟ್ಟಿಗೆ ಸೇರಿಕೊಳ್ಳುತ್ತವೆ. ಬರೆಯುವುದು ಕ್ಯಾಲ್ವಾದಲ್ಲಿ; ಗಂಟು ಬಿಡಿಸಬೇಕಾದಾಗಷ್ಟೇ ಈಮ್ಯಾಕ್ಸ್ ತೆರೆಯುತ್ತೇನೆ.