ಕಾಸರಗೋಡಿನ ಅಂಗಡಿಯ ಒಣ ಹೂಗಳು: ಸೋಪಿನ ಎಣ್ಣೆಗೆ ಯಾವುದು ಆದೀತು?

ಕಾಸರಗೋಡು ಹಳೆ ಬಸ್ ಸ್ಟ್ಯಾಂಡಿನ ಹತ್ತಿರ ನಾನು ಯಾವಾಗಲೂ ಹೋಗುವ ನಾಟಿ ಮದ್ದಿನ ಅಂಗಡಿಯಲ್ಲಿ ಈಗ ಒಣ ಹೂವಿನ ಎಸಳು ಸಿಗುತ್ತದೆ. ಗುಲಾಬಿ, ದಾಸವಾಳ, ಶಂಖಪುಷ್ಪ, ಮತ್ತೆ ಚೆಂಡುಹೂವನ್ನು ಹೋಲುವ ಹಳದಿ ಹೂವು ಕ್ಯಾಲೆಂಡುಲಾ. ನಾಲ್ಕನ್ನೂ ತಂದು ತೆಂಗಿನೆಣ್ಣೆಯಲ್ಲಿ ಹಾಕಿಟ್ಟು, ಆ ಎಣ್ಣೆಯಿಂದ ಸೋಪು ಮಾಡಿ ನೋಡಿದ್ದೇನೆ. ಸೋಪಿಗೆಂದು ಕೊಳ್ಳುವುದಾದರೆ ಕ್ಯಾಲೆಂಡುಲಾ ಒಂದೇ ಸಾಕು. ಉಳಿದ ಮೂರಕ್ಕೆ ದುಡ್ಡು ಹಾಕಬೇಡಿ.

ಗುಲಾಬಿ, ದಾಸವಾಳ, ಶಂಖಪುಷ್ಪದ ಬಣ್ಣ ಆಂಥೋಸಯಾನಿನ್. ಅದು ನೀರಿಗೆ ಬಿಡುತ್ತದೆ, ಎಣ್ಣೆಗೆ ಬಿಡುವುದಿಲ್ಲ. ಶಂಖಪುಷ್ಪವನ್ನು ಬಿಸಿನೀರಿಗೆ ಹಾಕಿದರೆ ಎಂಥ ಚಂದದ ನೀಲಿ, ಲಿಂಬೆ ಹಿಂಡಿದರೆ ನೇರಳೆ! ಅದೇ ಹೂವು ಎಣ್ಣೆಯಲ್ಲಿ ವಾರಗಟ್ಟಲೆ ಕೂತರೂ ಎಣ್ಣೆ ನೀಲಿ ಆಗುವುದಿಲ್ಲ. ಸೋಪಿನ ಮೇಲೆ ಅಲಂಕಾರಕ್ಕೆ ಉದುರಿಸಿದ ಗುಲಾಬಿ ಎಸಳು, ಎಣ್ಣೆಯನ್ನು ಸೋಪಾಗಿಸಲು ಬೆರೆಸುವ ಕಾಸ್ಟಿಕ್ ಸೋಡಾ ತಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಕ್ಯಾಲೆಂಡುಲಾದ ಹಳದಿ ಬೇರೆ ಜಾತಿ, ಕ್ಯಾರೆಟ್ಟಿನಲ್ಲಿ ಇರುವಂಥ ಕ್ಯಾರೊಟಿನಾಯ್ಡ್. ಎಣ್ಣೆಗೆ ಸಲೀಸಾಗಿ ಇಳಿಯುತ್ತದೆ, ಸೋಡಾಕ್ಕೂ ಜಗ್ಗುವುದಿಲ್ಲ. ಎಸಳು ಸೋಪಿನೊಳಗೂ ಹಳದಿಯಾಗಿಯೇ ಉಳಿಯುತ್ತದೆ. ಪರಿಮಳ ಮಾತ್ರ ಯಾವ ಹೂವಿನಿಂದಲೂ ನಿರೀಕ್ಷಿಸಬೇಡಿ.

ಕ್ಯಾಲೆಂಡುಲಾ ಹೆಸರಲ್ಲಿ ಚೆಂಡುಹೂವು ಕೊಡುವವರೂ ಇದ್ದಾರೆ, ಜಾಗ್ರತೆ. ಕ್ಯಾಲೆಂಡುಲಾ ಎಸಳು ಸಪೂರ, ಉದ್ದ. ತುದಿಯಲ್ಲಿ ಮೂರು ಸಣ್ಣ ಹಲ್ಲು ಕಾಣುತ್ತದೆ. ಚೆಂಡುಹೂವಿನದ್ದು ಅಗಲ, ನೆರಿಗೆ ನೆರಿಗೆ. ಈ ಅಂಗಡಿಯ ಮಾಲು ಅಸಲಿ. ಪ್ಯಾಕೆಟ್ ಬಿಚ್ಚಿ ಅಂಗೈಗೆ ಹಾಕಿ ತೋರಿಸಿ ಅಂದರೆ ಬೇಸರಿಸದೆ ತೋರಿಸುತ್ತಾರೆ. ನನಗೆ ಈ ಅಂಗಡಿ ಇಷ್ಟವಾಗಲು ದೊಡ್ಡ ಕಾರಣವೇ ಅದು. ಯಾಕೆಂದರೆ ಎಸಳಿನ ಬಣ್ಣಕ್ಕಿಂತ ಮುಖ್ಯ ಅದರ ಒಣಗು. ಹಿಡಿಯಲ್ಲಿ ಒತ್ತಿದರೆ ಹಪ್ಪಳದ ಹಾಗೆ ಚರಚರ ಮುರಿಯಬೇಕು. ಆನ್‌ಲೈನಿನಲ್ಲಿ ತರಿಸಿದ ಒಂದು ಪ್ಯಾಕೆಟ್ ಮೆತ್ತಗಿತ್ತು. ಕವರಿನ ಮೇಲೆ ಚಿತ್ರ ಸುಂದರ, ಒಳಗೆ ಪಸೆ. ಭರಣಿಯಲ್ಲಿ ಬೂಸ್ಟು ಬಂದು ಎಣ್ಣೆಯೂ ಹೋಯಿತು.

ನಮ್ಮಲ್ಲಿ ಮಕ್ಕಳಿಗೆ ಹಚ್ಚಲು ಕೇಪಳ ಹೂ ಹಾಕಿ ತೆಂಗಿನೆಣ್ಣೆ ಕಾಯಿಸುತ್ತಾರಲ್ವಾ? ಅಲ್ಲಿ ಹಸಿ ಹೂವೇ ಆದೀತು. ಚಟಪಟ ಸದ್ದು ನಿಲ್ಲುವವರೆಗೆ ಕಾಯಿಸುವಾಗ ನೀರೆಲ್ಲ ಆರುತ್ತದೆ. ಭರಣಿಯಲ್ಲಿ ಸುಮ್ನೆ ನೆನೆಯಲು ಬಿಡುವ ಎಣ್ಣೆಗೆ ಆ ಕಾವು ಇಲ್ಲ, ಎಸಳು ಮೊದಲೇ ಒಣಗಿರಬೇಕು. ಹಾಗಾಗಿ ಆಟಿಯ ಮಳೆಯಲ್ಲಿ ಕೊಳ್ಳುವುದಕ್ಕಿಂತ ಬೇಸಿಗೆಯಲ್ಲೇ ತಂದಿಡುವುದು ಒಳ್ಳೆಯದು. ಸಂಶಯವಿದ್ದರೆ ಅಡಿಕೆ ಒಣಗಿಸುವ ಸೋಲಾರ್ ಗೂಡಿನಲ್ಲಿ ಬಟ್ಟೆ ಮುಚ್ಚಿ ಇಡಿ. ನೇರ ಬಿಸಿಲಿಗೆ ಬಣ್ಣ ಮಾಸುತ್ತದೆ.

ಎಣ್ಣೆ ನಾನು ಅಂಗಡಿಯದ್ದು ತರುವುದಿಲ್ಲ. ನಮ್ಮ ಕೊಬ್ಬರಿಯನ್ನೇ ಮಿಲ್ಲಿಗೆ ಕೊಟ್ಟು ಆಡಿಸಿ, ಗಸಿ ಕೆಳಗೆ ಕೂತ ಮೇಲೆ ತಿಳಿ ಎಣ್ಣೆ ಬಗ್ಗಿಸಿಕೊಳ್ಳುತ್ತೇನೆ. ಒಣಗಿದ ಗಾಜಿನ ಭರಣಿಯಲ್ಲಿ ಅರ್ಧದವರೆಗೆ ಎಸಳು, ಅದು ಪೂರ್ತಿ ಮುಳುಗುವಷ್ಟು ಎಣ್ಣೆ. 4ರಿಂದ 6 ವಾರ ಬಿಟ್ಟರೆ ಎಣ್ಣೆ ಬಂಗಾರದ ಬಣ್ಣಕ್ಕೆ ಬರುತ್ತದೆ. ಅವಸರವಿದ್ದರೆ ಭರಣಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಸಣ್ಣ ಉರಿಯಲ್ಲಿ 2-3 ಗಂಟೆ ಕಾಯಿಸಿದರೂ ಆಗುತ್ತದೆ.

ಎಸಳು ಎಣ್ಣೆ ಕುಡಿಯುತ್ತದೆ. ಅದಕ್ಕೇ ಸೋಸಿದ ಮೇಲೆ ಎಣ್ಣೆಯನ್ನು ಮತ್ತೆ ತೂಗಿ, ಸೋಡಾದ ಲೆಕ್ಕ ಆಮೇಲೆ ಹಾಕಿ. ಬರೀ ತೆಂಗಿನೆಣ್ಣೆಯ ಸೋಪು ಚರ್ಮ ಒಣಗಿಸುತ್ತದೆ. ಆದ್ದರಿಂದ ನಾನು ನೂರಕ್ಕೆ 20 ಪಾಲು ಎಣ್ಣೆ ಸೋಪಾಗದೆ ಉಳಿಯುವಂತೆ ನೋಡಿಕೊಳ್ಳುತ್ತೇನೆ. 500 ಗ್ರಾಂ ಎಣ್ಣೆಗೆ ಸುಮಾರು 73 ಗ್ರಾಂ ಕಾಸ್ಟಿಕ್ ಸೋಡಾ ಬರುತ್ತದೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಬೇಕೇ ಬೇಕು. ಸೋಡಾವನ್ನು ನೀರಿಗೆ ಹಾಕಬೇಕು, ನೀರನ್ನು ಸೋಡಾಕ್ಕೆ ಖಂಡಿತ ಸುರಿಯಬಾರದು. ಅಲ್ಯುಮಿನಿಯಂ ಪಾತ್ರೆಯೂ ಬೇಡ. ಸೋಪು 4-6 ವಾರ ಒಣಗಲಿ.

ಅಂಗಡಿಯವರಿಗೆ ನನ್ನ ಕೋರಿಕೆ ಎರಡೇ. ಕ್ಯಾಲೆಂಡುಲಾ 50 ಗ್ರಾಮಿಗೆ 180 ರೂಪಾಯಿ ತೆಗೆದುಕೊಳ್ಳುತ್ತಾರೆ, ಆ ಗುಣಕ್ಕೆ ನಾನು ಖುಷಿಯಿಂದ ಕೊಡುತ್ತೇನೆ. ಆದರೆ ತೆಳು ಪ್ಲಾಸ್ಟಿಕ್ ಕವರಿನ ಬದಲು ಗಾಳಿ ಆಡದ ಡಬ್ಬಿಯಲ್ಲಿ ಕೊಡಲಿ. ಮತ್ತೆ, ಚೀಟಿ ಇಂಗ್ಲಿಷ್, ಮಲಯಾಳದಲ್ಲಿ ಮಾತ್ರ ಇದೆ. ಕುಂಬಳೆ, ನೀರ್ಚಾಲು ಕಡೆಯಿಂದ ಬರುವ ನಮ್ಮಂಥ ಹೆಂಗಸರಿಗೆ ಕನ್ನಡದಲ್ಲೂ ಒಂದು ಸಾಲು, ಒಣಗಿಸಿದ ತಿಂಗಳಿನ ಜೊತೆಗೆ, ಇದ್ದರೆ ತುಂಬ ಅನುಕೂಲ.