ಐದು ಬೆರಳೂ ಒಂದೇ ಸಮ ಇರಲ್ಲ

ಉಣ್ಣೆಯಲ್ಲಿ ಹೆಣೆಯುವ ಈ ಎರಡು ಬಣ್ಣದ ಕೈಗವಸಿನ ಪ್ಯಾಟರ್ನನ್ನು ಹೂಬಳ್ಳಿಯ ಚಾರ್ಟ್ (ಯಾವ ಸ್ಟಿಚ್‌ಗೆ ಯಾವ ಬಣ್ಣ ಅಂತ ತೋರಿಸುವ ಚೌಕಗಳ ನಕ್ಷೆ) ನೋಡಿಯೇ ತಗೊಂಡೆ. ಚಾರ್ಟ್‌ಗೆ ಐದಕ್ಕೆ ಐದು ಕೊಡುತ್ತೇನೆ. ಚೌಕಗಳು ದೊಡ್ಡದಾಗಿವೆ, ಕನ್ನಡಕ ಹುಡುಕಬೇಕಿಲ್ಲ. ಒಂದು ಬಣ್ಣ ಸತತವಾಗಿ ಐದು ಸ್ಟಿಚ್‌ಗಿಂತ ಜಾಸ್ತಿ ಹೋಗುವುದೇ ಇಲ್ಲ. ಹಾಗಾಗಿ ಆ ಹೊತ್ತಿಗೆ ಬಳಸದ ಬಣ್ಣದ ದಾರ ಒಳಗೆ ಉದ್ದುದ್ದ ಜೋತು ಬೆರಳಿಗೆ ಸಿಕ್ಕಿಕೊಳ್ಳುವ ಕಾಟವಿಲ್ಲ.

ಅಳತೆಗೆ ಮಾತ್ರ ಎರಡೇ ಅಂಕ. ಇರುವುದು ಒಂದೇ ಸೈಜು: ಸುತ್ತಿಗೆ 60 ಸ್ಟಿಚ್, 2.5 ಮಿಲಿಮೀಟರ್ ಕಡ್ಡಿ, 10 ಸೆಂಟಿಮೀಟರ್‌ಗೆ 32 ಸ್ಟಿಚ್. ಲೆಕ್ಕ ಹಾಕಿದರೆ ಸುತ್ತಳತೆ 19 ಸೆಂಟಿಮೀಟರ್‌ಗೂ ಸ್ವಲ್ಪ ಕಮ್ಮಿ. ಹೆಬ್ಬೆರಳು ಬಿಟ್ಟು ಗೆಣ್ಣುಗಳ ಮೇಲೆ ಟೇಪ್ ಸುತ್ತಿದರೆ ನನ್ನ ಕೈ 20. ಉಣ್ಣೆ ಅಲ್ವಾ, ಹಿಗ್ಗುತ್ತದೆ ಅಂದುಕೊಂಡೆ. ಒಳಗೆ ಅಡ್ಡ ಓಡುವ ದಾರ ಬಿಡಬೇಕಲ್ಲ! ಗೆಣ್ಣಿನ ಹತ್ತಿರ ಬಂದು ನಿಂತೇಬಿಟ್ಟಿತು. ಪೂರ್ತಿ ಬಿಚ್ಚಿದೆ.

ನಾಲ್ಕು ಸ್ಟಿಚ್ ಸೇರಿಸೋಣ ಅಂದರೆ ಒಂದೊಂದು ಹೂವೂ 12 ಸ್ಟಿಚ್‌ನದು. ಇಡೀ ಹೂವು ಸೇರಿಸಿದರೆ 72 ಸ್ಟಿಚ್, 22.5 ಸೆಂಟಿಮೀಟರ್. ಅದು ಕೈಗವಸಲ್ಲ, ಚೀಲ. ಕೊನೆಗೆ ಸ್ಟಿಚ್ ಮುಟ್ಟದೆ ಕಡ್ಡಿ ಬದಲಾಯಿಸಿದೆ. 2.75ರ ಕಡ್ಡಿಯಲ್ಲಿ 10 ಸೆಂಟಿಮೀಟರ್‌ಗೆ 30 ಸ್ಟಿಚ್ ಬಂತು, ಅಂದರೆ 60ಕ್ಕೆ ಸರಿಯಾಗಿ 20. ಮಾದರಿ ತುಂಡನ್ನೂ ಸುತ್ತು ಸುತ್ತಾಗಿಯೇ ಹೆಣೆದು, ಒದ್ದೆ ಮಾಡಿ ಒಣಗಿಸಿ ಅಳೆದೆ. ಹಿಂದೆ ಮುಂದೆ ತಿರುಗಿಸುತ್ತಾ ಹೆಣೆದರೆ ನನ್ನ ಉಲ್ಟಾ ಸಾಲು ಯಾವಾಗಲೂ ಸಡಿಲ, ಲೆಕ್ಕ ತಪ್ಪುತ್ತದೆ.

ಬೆರಳುಗಳದ್ದು ಇನ್ನೊಂದು ಕಥೆ. ನಾಲ್ಕನ್ನೂ ಒಂದೇ ಸುತ್ತಿನಲ್ಲಿ ಬೇರೆ ಮಾಡಿ ಅನ್ನುತ್ತದೆ ಪ್ಯಾಟರ್ನ್. ಬರೆದವರು ತಮ್ಮ ಕೈ ನೋಡಿಕೊಂಡಿಲ್ವಾ? ಕಿರುಬೆರಳು ಶುರುವಾಗುವುದೇ ಸ್ವಲ್ಪ ಕೆಳಗಿಂದ. ನಾನು ಅದನ್ನು ಮೊದಲು ಹೆಣೆದು ಮುಗಿಸಿದೆ. ಉಳಿದದ್ದನ್ನು ಇನ್ನೂ ಮೂರು ಸುತ್ತು ಒಟ್ಟಿಗೆ ಹೆಣೆದು ಆಮೇಲೆ ಬೇರೆ ಮಾಡಿದೆ. ಬೆರಳ ಸಂದಿಗೆ ಅವರು ಹೇಳಿದ್ದು ಎರಡು ಸ್ಟಿಚ್, ನಾನು ಹಾಕಿದ್ದು ನಾಲ್ಕು. ಈಗ ಮುಷ್ಟಿ ಕಟ್ಟಿದರೂ ಸಂದಿಯಲ್ಲಿ ಎಳೆಯುವುದಿಲ್ಲ.

ಎಡಗೈ ಬಗ್ಗೆ ಇರುವುದು ಒಂದೇ ಸಾಲು, ಇದನ್ನೇ ಎಡಬಲ ಅದಲುಬದಲು ಮಾಡಿ ಹೆಣೆಯಿರಿ ಅಂತ. ಚಾರ್ಟ್‌ನ ಗುಂಗಿನಲ್ಲಿ ಹೆಬ್ಬೆರಳಿನ ಜಾಗ ಬದಲಾಯಿಸುವುದನ್ನೇ ಮರೆತೆ. ಸದ್ಯಕ್ಕೆ ನನ್ನ ಹತ್ತಿರ ಚೆಂದದ ಎರಡು ಬಲಗೈ ಇವೆ. ಎಡಗೈ ಇನ್ನೂ ಕಡ್ಡಿಯ ಮೇಲಿದೆ.