ತೋಟದ ಪೆಟ್ಟಿಗೆ ನಿಂತಾಗ: ಪ್ರಿಂಟ್‌ಕೆ, ಎಫ್‌ಟ್ರೇಸ್, ಲಾಕ್‌ಡೆಪ್, ಕೆಸಿಸ್ಯಾನ್

ಶಿರಸಿಯಲ್ಲಿ ಮಳೆಗಾಲ ಅಂದ್ರೆ ಅಡಿಕೆಗೆ ಕೊಳೆ ರೋಗದ ಭಯ. ಭಾವನ ತೋಟದಲ್ಲಿ ತೇವ ಮತ್ತು ಬಿಸಿ ಅಳೆಯುವ ಒಂದು ಪೆಟ್ಟಿಗೆ ಇಟ್ಟಿದ್ದೇನೆ. ಒಳಗೆ 32 ಬಿಟ್‌ನ ಸಣ್ಣ ಆರ್ಮ್ ಬೋರ್ಡ್, ಲಿನಕ್ಸ್, ಸೆನ್ಸರ್ ಜೊತೆ ಮಾತಾಡಲು ನಾನೇ ಬರೆದ ಡ್ರೈವರ್. ಮೂರ್ನಾಲ್ಕು ದಿನಕ್ಕೊಮ್ಮೆ ಅದು ಅಂಕಿ ಕಳಿಸೋದು ನಿಲ್ಲಿಸುತ್ತಿತ್ತು. "ತಮಾ, ನಿನ್ನ ಪೆಟ್ಟಿಗೆ ಮತ್ತೆ ನಿಂತೋಯ್ತು" ಅಂತ ಭಾವ ಫೋನ್ ಮಾಡುತ್ತಿದ್ದ. ಔಷಧಿ ಯಾವಾಗ ಹೊಡೆಯಬೇಕು ಅಂತ ಅವನು ಆ ಅಂಕಿ ನೋಡಿಯೇ ಯೋಚಿಸುತ್ತಿದ್ದ, ಹಾಗಾಗಿ ಸುಮ್ನೆ ಬಿಡುವ ವಿಷಯ ಅಲ್ಲ.

ನಿಂತಾಗ ಲಿನಕ್ಸ್‌ನ ತಿರುಳಾದ ಕರ್ನಲ್‌ನ ಲಾಗ್‌ನಲ್ಲಿ ಸಿಗುತ್ತಿದ್ದದ್ದು ಒಂದೇ ಸುಳಿವು: ನನ್ನ ಪ್ರೋಗ್ರಾಂ 120 ಸೆಕೆಂಡಿಗಿಂತ ಜಾಸ್ತಿ ಹೊತ್ತು ಅಲ್ಲಾಡದೆ ಕೂತಿದೆ. ಯಾವ ಲಾಕ್‌ಗೆ (ಒಂದು ಸಲಕ್ಕೆ ಒಬ್ಬರೇ ಮುಟ್ಟುವಂತೆ ಹಾಕುವ ಬೀಗ) ಕಾಯುತ್ತಿದೆ ಅಂತ ಗೊತ್ತಾಯಿತು. ಆ ಲಾಕ್ ಯಾರ ಕೈಯಲ್ಲಿದೆ ಅಂತ ಗೊತ್ತಾಗಲಿಲ್ಲ.

ಮೊದಲು ಎಲ್ಲರೂ ಮಾಡುವ ಹಾಗೆ, ಕರ್ನಲ್ ಲಾಗ್‌ಗೆ ಸಾಲು ಬರೆಯುವ ಪ್ರಿಂಟ್‌ಕೆಯನ್ನು ಕೋಡಿನಲ್ಲಿ ತುಂಬಿದೆ. ಲಾಕ್ ಹಿಡಿಯುವ ಮುಂಚೆ ಒಂದು ಸಾಲು, ಬಿಟ್ಟ ಮೇಲೆ ಒಂದು ಸಾಲು. ಒಂಬತ್ತು ದಿನ ಪೆಟ್ಟಿಗೆ ನಿಲ್ಲಲೇ ಇಲ್ಲ! ಸಾಲು ತೆಗೆದ ಮೂರನೇ ದಿನ ಮತ್ತೆ ನಿಂತಿತು. ಕಾರಣ ಸರಳ. ಆ ಸಾಲುಗಳು ಹೊರಬರುವ ತಂತಿ, ಅಂದ್ರೆ ಸೀರಿಯಲ್ ಕನ್ಸೋಲ್, ಸೆಕೆಂಡಿಗೆ 115200 ಬಿಟ್ ವೇಗದಲ್ಲಿದ್ದರೆ ಸೆಕೆಂಡಿಗೆ ಸುಮಾರು 11,500 ಅಕ್ಷರ ಹೋಗುತ್ತದೆ. 60 ಅಕ್ಷರದ ಸಾಲಿಗೆ 5 ಮಿಲಿಸೆಕೆಂಡು ಬೇಕು. ಪ್ರೊಸೆಸರ್‌ಗೆ ಅದು ಒಂದು ಯುಗ. ಕೆಲಸಗಳ ಹೊತ್ತು ಅಷ್ಟು ಸರಿದರೆ ಕೋಡಿನ ಎರಡು ದಾರಿಗಳು ಎದುರಾಗುವುದೇ ತಪ್ಪಿಹೋಗುತ್ತದೆ. ಲಾಕ್ ಜಗಳಕ್ಕೆ ಪ್ರಿಂಟ್‌ಕೆ ಬೇಡ ಅಂತ ನಾನು ಗಟ್ಟಿಯಾಗಿ ಹೇಳುತ್ತೇನೆ.

ಯಾವ ಫಂಕ್ಷನ್ (ಕೋಡಿನ ತುಂಡು) ಯಾವಾಗ ಓಡಿತು ಅಂತ ಬರೆದಿಡುವ ಎಫ್‌ಟ್ರೇಸ್ ಇದಕ್ಕಿಂತ ಎಷ್ಟೋ ಮೇಲು. 2008ರಿಂದ ಕರ್ನಲ್ ಒಳಗೇ ಇದೆ, ಶುರು ಮಾಡಿದವರು ಸ್ಟೀವನ್ ರಾಸ್ಟೆಡ್. ಬಳಸದಾಗ ಫಂಕ್ಷನ್ ಟ್ರೇಸಿಂಗ್‌ನ ಜಾಗದಲ್ಲಿ ಏನೂ ಮಾಡದ ಸೂಚನೆ ಮಾತ್ರ ಇರುತ್ತದೆ, ಆದ್ದರಿಂದ ಭಾರ ಇಲ್ಲವೆನ್ನುವಷ್ಟು ಕಡಿಮೆ. ಬರೆಯುವುದು ಸೀರಿಯಲ್‌ಗಲ್ಲ, ಮೆಮೊರಿಯಲ್ಲಿ ಕಾದಿಟ್ಟ ಜಾಗಕ್ಕೆ, ಅಂದ್ರೆ ಬಫರ್‌ಗೆ. ನಮ್ಮದೇ ಸಾಲು ಬೇಕಿದ್ದರೆ ಟ್ರೇಸ್ ಪ್ರಿಂಟ್‌ಕೆ ಇದೆ. ಮೊದಲು ಎಲ್ಲ ಫಂಕ್ಷನ್‌ಗಳನ್ನೂ ಹಿಡಿದೆ. ಒಂದು ಸಿಪಿಯುಗೆ ಸುಮಾರು 1.4 ಎಂಬಿ ಇರುವ ಬಫರ್ ಕಣ್ಣು ಮಿಟುಕಿಸುವುದರೊಳಗೆ ತುಂಬಿ, ಹಳೆಯದು ಅಳಿಸಿಹೋಯಿತು. ಫಿಲ್ಟರ್‌ನಲ್ಲಿ ನನ್ನ ಡ್ರೈವರ್‌ನ ಫಂಕ್ಷನ್‌ಗಳನ್ನಷ್ಟೇ ಇಟ್ಟ ಮೇಲೆ ಚಿತ್ರ ಸ್ಪಷ್ಟವಾಯಿತು. ಆದರೂ ಮೂರ್ನಾಲ್ಕು ದಿನ ಕಾಯಲೇಬೇಕು. ನಡೆದದ್ದನ್ನು ಇದು ತೋರಿಸುತ್ತದೆ, ಆದರೆ ಮೊದಲು ಅದು ನಡೆಯಬೇಕಲ್ವಾ?

ನನ್ನ ಮನಸ್ಸು ಗೆದ್ದದ್ದು ಲಾಕ್‌ಡೆಪ್, ಲಾಕ್ ಹಿಡಿಯುವ ಕ್ರಮ ಪರೀಕ್ಷಿಸುವ ಕರ್ನಲ್‌ನ ಸಾಧನ. 2006ರಲ್ಲಿ ಇಂಗೋ ಮೋಲ್ನಾರ್ ತಂದದ್ದು. ಕರ್ನಲ್ ಕಟ್ಟುವಾಗ ಪ್ರೂವ್ ಲಾಕಿಂಗ್ ಆಯ್ಕೆ ಹಾಕಬೇಕು, ಅಷ್ಟೇ. ಪೆಟ್ಟಿಗೆ ಆನ್ ಮಾಡಿದೆ. ಒಂದು ಸಲ ಅಂಕಿ ಓದಿದೆ. ಅದು ಮುಗಿದ ಮೇಲೆ, ಅದೇ ಶೆಲ್‌ನಿಂದ, ಒಂದು ಸಲ ಸೆನ್ಸರ್ ಹೊಂದಿಸುವ ಸ್ಕ್ರಿಪ್ಟ್ ಓಡಿಸಿದೆ. ಕೂಡಲೇ ಎಚ್ಚರಿಕೆ ಬಂತು: ಲಾಕ್‌ಗಳು ಸುತ್ತು ಹಾಕುವ ಸಾಧ್ಯತೆ ಇದೆ. ನಾಲ್ಕು ದಿನ ಕಾದದ್ದಕ್ಕೆ ಒಂದು ನಿಮಿಷದಲ್ಲಿ ಉತ್ತರ.

ಔಷಧಿ ಹೊಡೆಯುವ ದಿನ ಒಬ್ಬ ದೋಟಿ ಹಿಡಿದು ಪೈಪಿಗೆ ಕಾಯುತ್ತಾನೆ, ಇನ್ನೊಬ್ಬ ಪೈಪ್ ಹಿಡಿದು ದೋಟಿಗೆ ಕಾಯುತ್ತಾನೆ ಅಂದುಕೊಳ್ಳಿ. ಇಬ್ಬರೂ ಕೈಲಿದ್ದದ್ದು ಬಿಡುವುದಿಲ್ಲ. ನನ್ನ ಡ್ರೈವರ್‌ನಲ್ಲಿ ಓದುವ ದಾರಿ ಮೊದಲು ಬಫರ್ ಲಾಕ್, ಆಮೇಲೆ ಸೆನ್ಸರ್ ಲಾಕ್ ಹಿಡಿಯುತ್ತಿತ್ತು. ಗಂಟೆಗೊಮ್ಮೆ ಓಡುವ ಸ್ಕ್ರಿಪ್ಟ್‌ನ ದಾರಿ ಉಲ್ಟಾ. ಲಾಕ್‌ಡೆಪ್ ಜಗಳ ಆಗಲಿ ಅಂತ ಕಾಯುವುದಿಲ್ಲ. ಯಾವ ಲಾಕ್ ಹಿಡಿದಿದ್ದಾಗ ಯಾವುದನ್ನು ಕೇಳಿದರು ಅನ್ನುವ ಸಂಬಂಧವನ್ನು ಬರೆದಿಡುತ್ತದೆ. ಬರೆದದ್ದರಲ್ಲಿ ಸುತ್ತು ಕಂಡ ತಕ್ಷಣ ಕೂಗುತ್ತದೆ. ಎರಡು ದಾರಿಗೂ ಒಂದೇ ಕ್ರಮ ಇಟ್ಟೆ. ಆಮೇಲೆ ಪೆಟ್ಟಿಗೆ ನಿಂತಿಲ್ಲ.

ಇದರಲ್ಲೂ ಹುಷಾರಾಗಿರಬೇಕು. ಮೊದಲ ಎಚ್ಚರಿಕೆ ಕೊಟ್ಟ ಮೇಲೆ ಲಾಕ್‌ಡೆಪ್ ತಾನೇ ಬಂದ್ ಆಗುತ್ತದೆ. ಇದಕ್ಕೂ ಮುಂಚಿನ ಒಂದು ಪ್ರಯತ್ನದಲ್ಲಿ ಹೊರಗಿನಿಂದ ಹಾಕಿದ ವೈಫೈ ಡ್ರೈವರ್ ಬೂಟ್ ಹೊತ್ತಿಗೇ ಎಚ್ಚರಿಕೆ ತಂದಿತ್ತು. ಅಲ್ಲಿಗೆ ನನ್ನ ಡ್ರೈವರ್‌ನ ಪರೀಕ್ಷೆ ನಡೆಯಲೇ ಇಲ್ಲ, ನಾನು ಎಲ್ಲ ಸರಿ ಇದೆ ಅಂದುಕೊಂಡೆ. ಪ್ರೊಕ್ (ಕರ್ನಲ್‌ನ ಸ್ಥಿತಿ ತೋರಿಸುವ ಫೋಲ್ಡರ್) ಕೆಳಗಿನ ಲಾಕ್‌ಡೆಪ್ ಸ್ಟ್ಯಾಟ್ಸ್ ಫೈಲಿನಲ್ಲಿ ಡೀಬಗ್ ಲಾಕ್ಸ್ ಅನ್ನುವ ಸಾಲು 0 ಇದ್ದರೆ ಅದು ಮಲಗಿದೆ ಅಂತ ಅರ್ಥ. ಪ್ರತಿ ಸಲ ಅದನ್ನು ನೋಡಿ. ಮತ್ತೊಂದು ತೊಡಕು: ಕೋಡಿನ ಒಂದೇ ಸಾಲಿನಲ್ಲಿ ಹುಟ್ಟಿದ ಲಾಕ್‌ಗಳೆಲ್ಲ ಅದಕ್ಕೆ ಒಂದೇ ಜಾತಿ. ತೋಟದ ಮೇಲಿನ ಮತ್ತು ಕೆಳಗಿನ ಸೆನ್ಸರ್‌ಗಳ ಲಾಕ್‌ಗಳನ್ನು ಸರಿಯಾದ ಕ್ರಮದಲ್ಲೇ ಒಟ್ಟಿಗೆ ಹಿಡಿದರೂ ಬೈಯಿತು. ಲಾಕ್ ಹಿಡಿಯುವ ನೆಸ್ಟೆಡ್ ರೂಪ ಬಳಸಿ, ಇದು ಬೇಕಂತಲೇ ಒಂದರೊಳಗೊಂದು ಅಂತ ತಿಳಿಸಿ ಹೇಳಬೇಕಾಯಿತು.

ಲಾಕ್ ಹಿಡಿಯಬೇಕಾದಲ್ಲಿ ಹಿಡಿಯದೇ ಇದ್ದರೆ ಮಾತ್ರ ಲಾಕ್‌ಡೆಪ್‌ಗೆ ಸಾಮಾನ್ಯವಾಗಿ ಕಾಣದು. ನನ್ನ ಎರಡನೇ ತೊಂದರೆ ಅದೇ. ಅಪರೂಪಕ್ಕೆ ಒಂದು ದಾಖಲೆಯ ಸಮಯ 4.29 ಸೆಕೆಂಡು ಹಿಂದೆ ಬೀಳುತ್ತಿತ್ತು. ನ್ಯಾನೊಸೆಕೆಂಡಿನ ಲೆಕ್ಕದಲ್ಲಿ 2ರ 32ನೇ ಘಾತ ಅಂದ್ರೆ ಸರಿಯಾಗಿ ಅಷ್ಟೇ! 64 ಬಿಟ್ ಸಮಯವನ್ನು 32 ಬಿಟ್ ಬೋರ್ಡ್ ಎರಡು ತುಂಡಾಗಿ ಓದುತ್ತಿತ್ತು. ಮಧ್ಯದಲ್ಲಿ ಟೈಮರ್ ಬಂದು ಹೊಸ ಸಮಯ ಬರೆದರೆ ಹಳೇ ತುಂಡು, ಹೊಸ ತುಂಡು ಸೇರಿಬಿಡುತ್ತಿತ್ತು.

ಇದಕ್ಕೆ, ಲಾಕ್ ಇಲ್ಲದೆ ಇಬ್ಬರು ಒಂದೇ ಮೆಮೊರಿ ಜಾಗ ಮುಟ್ಟುವುದನ್ನು ಹುಡುಕುವ ಕೆಸಿಸ್ಯಾನ್ ಸರಿ. 2020ರಲ್ಲಿ 5.8ನೇ ಕರ್ನಲ್‌ಗೆ ಬಂತು. ಅಲ್ಲಲ್ಲಿ ಒಂದು ಮೆಮೊರಿ ಜಾಗ ಆರಿಸಿ ಕಾವಲು ಕೂರುತ್ತದೆ. ಮಾಮೂಲಿ ಹೊಂದಿಕೆಯಲ್ಲಿ 80 ಮೈಕ್ರೊಸೆಕೆಂಡು ಕಾದು, ಅಷ್ಟರಲ್ಲಿ ಬೇರೆ ಯಾರಾದರೂ ಅದನ್ನು ಮುಟ್ಟಿದರಾ ಅಂತ ನೋಡುತ್ತದೆ. ಲ್ಯಾಪ್‌ಟಾಪಿನಲ್ಲಿ 4 ಸಿಪಿಯು ಇರುವ ವರ್ಚುವಲ್ ಯಂತ್ರ ಮಾಡಿ, ಸೆನ್ಸರ್ ಬದಲು ಸುಳ್ಳು ಅಂಕಿ ಕೊಟ್ಟು ಓಡಿಸಿದೆ. ಅಲ್ಲಿ 64 ಬಿಟ್ ಒಂದೇ ಏಟಿಗೆ ಓದಿಬಿಡುವುದರಿಂದ ಸಮಯ ಒಮ್ಮೆಯೂ ತಪ್ಪಲಿಲ್ಲ. ಆದರೂ ಕೆಸಿಸ್ಯಾನ್ ಸಮಯ ಓದುವ, ಬರೆಯುವ ಎರಡೂ ಸಾಲುಗಳನ್ನು ಹಿಡಿದುಕೊಟ್ಟಿತು. ಓದುವ ಮಧ್ಯೆ ಯಾರಾದರೂ ಬರೆದರೆ ಮತ್ತೆ ಓದಿಸುವ ಸೀಕ್ವೆನ್ಸ್ ಕೌಂಟರ್ ಹಾಕಿ ಸರಿಮಾಡಿದೆ. ಆದರೆ ಇದು ಆರಿಸಿ ಆರಿಸಿ ನೋಡುವುದರಿಂದ ಏನೂ ಹೇಳಲಿಲ್ಲ ಅಂದ್ರೆ ಕೋಡ್ ಶುದ್ಧ ಅಂತಲ್ಲ. ಬೇರೆಯವರ ಕೋಡಿನ ದೂರುಗಳೂ ರಾಶಿ ಬೀಳುತ್ತವೆ, ಕೆದಕಲು ತಾಳ್ಮೆ ಬೇಕು.

ಈಗ ಯಾವ ಹೊಸ ಕೋಡ್ ಬರೆದರೂ ಲಾಕ್‌ಡೆಪ್ ಇರುವ ಕರ್ನಲ್‌ನಲ್ಲಿ ಮೊದಲು ಓಡಿಸುತ್ತೇನೆ. ರಾತ್ರಿ ಕರೆಂಟ್ ಇದ್ದರೆ ಕೆಸಿಸ್ಯಾನ್ ಬೆಳಗಿನ ತನಕ ಓಡುತ್ತದೆ. ಎರಡೂ ನಿಧಾನ, ತೋಟಕ್ಕೆ ಕಳಿಸುವುದಿಲ್ಲ. ತೋಟದ ಪೆಟ್ಟಿಗೆಯಲ್ಲಿ ಎಫ್‌ಟ್ರೇಸ್ ಮಾತ್ರ ಇದೆ, ನನ್ನ ಹನ್ನೊಂದು ಫಂಕ್ಷನ್‌ಗಳ ಫಿಲ್ಟರ್ ಹಾಕಿಕೊಂಡು.